ಮೂರು ‘ರೀ’, ಒಂದು ‘ಹೌದು’

ನಮ್ಮ ಚಿಕ್ಕಪ್ಪನ ಬಲಗೈ ಹೆಬ್ಬೆರಳು ಎಡಗೈಯದಕ್ಕಿಂತ ದಪ್ಪ. ಮೂವತ್ತೊಂದು ವರ್ಷ ಬಸ್ಸಿನಲ್ಲಿ ಟಿಕೆಟ್ಟಿಗೆ ತೂತು ಹೊಡೆದ ಬೆರಳು ಅದು. ಒತ್ತಿದರೆ ಟಿಕೆಟ್ಟು ತಾನೇ ಹೊರಗೆ ಬರುವ ಮಿಷನ್ ಬರುವ ಹೊತ್ತಿಗೆ ಅವನ ನಿವೃತ್ತಿಗೆ ಎರಡೇ ವರ್ಷ ಉಳಿದಿತ್ತು. ಆ ಎರಡು ವರ್ಷವೂ ತೂತು ಹೊಡೆಯುವ ಹಳೆಯ ಪಂಚನ್ನು ಜೇಬಿನಲ್ಲಿಟ್ಟುಕೊಂಡೇ ಓಡಾಡಿದ. ಈಗಲೂ ಟೀವಿ ನೋಡುತ್ತ ಕೂತಾಗ, ಯಾರದಾದರೂ ಮಾತು ಕೇಳುತ್ತ ಕೂತಾಗ, ಆ ಹೆಬ್ಬೆರಳು ಕುರ್ಚಿಯ ಕೈ ಮೇಲೆ ಒತ್ತುತ್ತಲೇ ಇರುತ್ತದೆ. ಅವನಿಗೆ ಅದು ಗೊತ್ತೇ ಆಗುವುದಿಲ್ಲ. ಹೇಳಿದರೆ ಒಪ್ಪುವುದೂ ಇಲ್ಲ.

ಚಿಕ್ಕವಳಿದ್ದಾಗ ಒಮ್ಮೆ ಕೇಳಿದ್ದೆ, “ತೂತು ಹೊಡೆಯೋ ಮುಂಚೆ ಟಿಕೆಟ್ ಓದ್ತೀಯಾ ಚಿಕ್ಕಪ್ಪ?”

“ಓದ್ತಾ ಕೂತ್ರೆ ಬಸ್ಸು ವಾಪಸ್ ಡಿಪೋಗೆ ಬಂದಿರುತ್ತೆ,” ಅಂದಿದ್ದ. “ಬಣ್ಣ ನೋಡೋದು, ಒತ್ತೋದು. ಮಿಕ್ಕಿದ್ದು ಕೈಗೇ ಗೊತ್ತಿರುತ್ತೆ.”

ಈ ಮಾತು ಗೊತ್ತಿದ್ದೂ ನಾನು ಅವನಿಗೆ ಒಂದು ಸಲಹೆ ಕೊಟ್ಟೆ. ಅದನ್ನು ಹೇಳುವುದಕ್ಕೇ ಇಷ್ಟೆಲ್ಲ ಬರೆಯುತ್ತಿದ್ದೇನೆ.

ನಾನು ಅವನ ಅಣ್ಣನ ಮಗಳು. ಎರಡು ಗಂಟೆ ದೂರದ ಊರಿನ ಹೈಸ್ಕೂಲಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತೇನೆ. ಹಾಗಾಗಿ ನಮ್ಮ ಬಳಗದಲ್ಲಿ ಯಾರ ಮನೆಯ ಕಂಪ್ಯೂಟರ್ ಕೆಮ್ಮಿದರೂ ಫೋನ್ ಬರುವುದು ನನಗೇ. ಅತ್ತೆಯ ಮೈದುನನ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೂ ನಾನೇ ಹೊಣೆ. ನನಗೆ ತಾಳ್ಮೆ ಕಡಿಮೆ. ಮಕ್ಕಳಿಗೆ ಹತ್ತು ಸಲ ಹೇಳುತ್ತೇನೆ, ಅದು ನನ್ನ ಕೆಲಸ. ಬಳಗದವರಿಗೆ ಎರಡನೇ ಸಲ ಹೇಳುವಷ್ಟರಲ್ಲೇ ನನ್ನ ದನಿ ಏರಿರುತ್ತದೆ. ಚಿಕ್ಕಪ್ಪ ಅದಕ್ಕೇ ನನಗೆ ಟೀಚರಮ್ಮ ಅಂತ ಹೆಸರಿಟ್ಟಿದ್ದಾನೆ.

ಚಿಕ್ಕಮ್ಮ ಆಸ್ಪತ್ರೆಯಲ್ಲಿ ರೋಗಿಗಳ ಚೀಟಿ ಕೂಗುವ ಕೆಲಸದಲ್ಲಿದ್ದವಳು. ಉದ್ದನೆಯ ಕಾರಿಡಾರಿನ ಈ ತುದಿಯಲ್ಲಿ ನಿಂತು ಹೆಸರು ಕರೆದರೆ ಆ ತುದಿಯಲ್ಲಿ ನಿದ್ದೆ ಹೋದವನೂ ಎದ್ದು ಬರುತ್ತಿದ್ದ. ಗಂಡ ಬಸ್ಸಿನಲ್ಲಿ ಕೂಗಿ, ಹೆಂಡತಿ ಆಸ್ಪತ್ರೆಯಲ್ಲಿ ಕೂಗಿ ಮನೆಗೆ ಬಂದರೆ ಅಲ್ಲೂ ಅದೇ ಎತ್ತರದ ಮಾತು. ಜಗಳ ಅಂದುಕೊಂಡು ಪಕ್ಕದ ಮನೆಯವರು ಎರಡು ಸಲ ಬಂದು ಬಾಗಿಲು ತಟ್ಟಿದ್ದಾರೆ. ಎರಡು ಸಲವೂ ಇವರು ನಾಳೆ ಬೀನ್ಸ್ ತರುವುದೋ ಆಲೂಗಡ್ಡೆ ತರುವುದೋ ಅಂತ ಮಾತಾಡಿಕೊಳ್ಳುತ್ತಿದ್ದರು.

ಏಳು ವರ್ಷದ ಹಿಂದೆ ಅವಳ ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡಿತು. ಜೀವ ಉಳಿಯಬೇಕಾದರೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಅಂದರು. ಆಪರೇಷನ್ನಿಗೆ ಮೂರು ವಾರ ಇರುವಾಗ ಆಸ್ಪತ್ರೆಯಲ್ಲಿ ಮಾತು ಕಲಿಸುವ ಡಾಕ್ಟರಮ್ಮ ಒಂದು ಸಿಡಿ ಕೊಟ್ಟು ಒಂದು ದಾರಿ ತೋರಿಸಿದರು. ಅದರಲ್ಲಿದ್ದ ಪ್ರೋಗ್ರಾಮಿಗೆ ಸಾವಿರದ ನೂರು ವಾಕ್ಯ ಓದಿ ಹೇಳಬೇಕು. ಅದು ಆ ದನಿಯನ್ನು ತುಂಡು ತುಂಡು ಮಾಡಿ ಇಟ್ಟುಕೊಳ್ಳುತ್ತದೆ. ಆಮೇಲೆ ಅವಳು ಏನು ಟೈಪ್ ಮಾಡಿದರೂ ಆ ತುಂಡುಗಳನ್ನು ಜೋಡಿಸಿ ಅವಳದೇ ದನಿಯಲ್ಲಿ ಆಡುತ್ತದೆ.

ಹನ್ನೆರಡು ದಿನ ಆ ಮನೆಯಲ್ಲಿ ರೆಕಾರ್ಡಿಂಗ್ ನಡೆಯಿತು. ಚಿಕ್ಕಪ್ಪ ಫ್ಯಾನ್ ಆರಿಸಿದ, ಗೋಡೆ ಗಡಿಯಾರದ ಸೆಲ್ ತೆಗೆದ, ಕಿಟಕಿಯ ಪಾರಿವಾಳಗಳನ್ನು ಅಟ್ಟಿದ, ಫ್ರಿಜ್ಜಿನ ಪ್ಲಗ್ ಕಿತ್ತ. ದಿನಾ ಹಾಲು ಒಡೆಯಿತು. ಕೊಟ್ಟಿದ್ದ ವಾಕ್ಯಗಳಿಗೆ ತಲೆಬುಡ ಇರಲಿಲ್ಲ, ‘ಹಸಿರು ಪೆಟ್ಟಿಗೆಯ ಮೇಲೆ ಏಳು ಬಾತುಕೋಳಿಗಳಿವೆ’ ಅನ್ನುವಂಥವು. ಚಿಕ್ಕಮ್ಮ ಅವನ್ನೆಲ್ಲ ಚೀಟಿ ಕೂಗುವ ಗಾಂಭೀರ್ಯದಲ್ಲಿ ಓದಿದಳು. ಪ್ರತಿ ವಾಕ್ಯ ಮುಗಿದಾಗ ‘ಉಳಿಸಬೇಕೆ?’ ಅಂತ ಪರದೆ ಕೇಳುತ್ತಿತ್ತು. ಚಿಕ್ಕಪ್ಪ ಎಂಟರ್ ಕೀಲಿಯನ್ನು ಹೆಬ್ಬೆರಳಿನಲ್ಲೇ ಒತ್ತಿ ‘ಹೌದು’ ಅನ್ನುತ್ತಿದ್ದ. ಸಾವಿರದ ನೂರು ಸಲ ಒತ್ತಿದ.

ಕೊನೆಯ ದಿನ ಚಿಕ್ಕಮ್ಮ ಡಾಕ್ಟರಮ್ಮನಿಗೆ ಫೋನ್ ಮಾಡಿ ತಕರಾರು ತೆಗೆದಳು. “ನಿಮ್ಮ ಪಟ್ಟೀಲಿ ‘ರೀ’ ಇಲ್ಲ.”

“ಅಕ್ಷರಗಳೆಲ್ಲ ಬಂದಿವೆಯಲ್ಲ, ಜೋಡಿಸ್ಕೊಳ್ಳುತ್ತೆ ಬಿಡಿ.”

“ಜೋಡಿಸಿದ್ ‘ರೀ’ಗೆ ಇವರು ತಿರುಗಲ್ಲ ಡಾಕ್ಟ್ರೇ. ಮೂವತ್ತು ವರ್ಷದಿಂದ ಹೆಸರು ಹಿಡಿದು ಕರೆದಿಲ್ಲ ನಾನು.”

ಹಾಗಾಗಿ ಮೂರು ‘ರೀ’ಗಳನ್ನು ಬೇರೆಯಾಗಿ ಹಿಡಿದಿಟ್ಟರು. ಕರೆಯುವ ‘ರೀ’ ಒಂದು, ಗದರುವ ‘ರೀ’ ಒಂದು. ಮೂರನೆಯದು ಯಾತಕ್ಕೂ ಅಲ್ಲದ ‘ರೀ’. ಪಕ್ಕದಲ್ಲಿ ಕೂತಿದ್ದೀರಾ ಅಂತ ನೋಡಿಕೊಳ್ಳುವುದಕ್ಕೆ ಅಷ್ಟೆ. ಕೀಬೋರ್ಡಿನ ಮೇಲುಸಾಲಿನ ಮೊದಲ ಮೂರು ಕೀಲಿಗಳಿಗೆ ಅವನ್ನು ಕಟ್ಟಿದ್ದು ನಾನೇ. ಕೀಲಿಗಳ ಮೇಲೆ ಉಗುರು ಬಣ್ಣದಲ್ಲಿ ಒಂದು, ಎರಡು, ಮೂರು ಚುಕ್ಕಿ ಇಟ್ಟೆವು.

ಆಪರೇಷನ್ ಆಯಿತು, ಅವಳು ಉಳಿದಳು. ನಡುಮನೆಯ ಮೂಲೆಯಲ್ಲಿ ಆ ಕಂಪ್ಯೂಟರ್ ಏಳು ವರ್ಷ ಮಾತಾಡಿತು. ಶಬ್ದ ಸ್ವಲ್ಪ ತೊದಲುತ್ತಿತ್ತು, ಆದರೆ ದನಿ ಅವಳದೇ. ಚಿಕ್ಕಪ್ಪ ಬಚ್ಚಲಲ್ಲಿದ್ದರೆ ಗದರುವ ‘ರೀ’ ಬಾಗಿಲು ದಾಟಿ ಹೋಗುತ್ತಿತ್ತು. ಮಧ್ಯಾಹ್ನ ಪೇಪರ್ ಓದುತ್ತ ಕೂತವಳು ಸುಮ್ಮಸುಮ್ಮನೆ ಮೂರನೇ ಕೀಲಿ ಒತ್ತುತ್ತಿದ್ದಳು. ಅವನು ಇದ್ದಲ್ಲಿಂದಲೇ “ಇದೀನಿ” ಅನ್ನುತ್ತಿದ್ದ. ಅವರ ಸಂಸಾರದಲ್ಲಿ ನಾನು ಅತಿ ಹೆಚ್ಚು ಸಲ ಕೇಳಿದ ಮಾತುಕತೆ ಅಂದರೆ ಅದೇ.

ಈ ವರ್ಷ ಆ ಕಂಪ್ಯೂಟರ್ ಕೈಕೊಟ್ಟಿತು. ಶುರುವಾಗಲು ಇಪ್ಪತ್ತು ನಿಮಿಷ, ನಡುವೆ ಕಪ್ಪು ಪರದೆ, ಒಳಗಿಂದ ಕಟಕಟ. ಚಿಕ್ಕಪ್ಪ ಹೊಸದು ತಂದು ನನ್ನನ್ನು ಕರೆಸಿದ. ಒಂದು ಶನಿವಾರ ಹೋಗಿ ಹಳೆಯದರ ಹೊಟ್ಟೆಯಿಂದ ದನಿಯ ಫೋಲ್ಡರನ್ನು ಹೇಗೋ ಪೆನ್‌ಡ್ರೈವಿಗೆ ಎಳೆದುಕೊಂಡೆ. ಕೊನೆಯ ಫೈಲು ಬಂದು ಬೀಳುವುದಕ್ಕೂ ಹಳೆಯ ಡಿಸ್ಕು ಪೂರ್ತಿ ಸಾಯುವುದಕ್ಕೂ ಸರಿಹೋಯಿತು. ಮುಖ್ಯವಾದ ಯಾವುದಕ್ಕೂ ಎರಡು ಪ್ರತಿ ಇರಬೇಕು ಅಂತ ನಾನು ಪ್ರತಿ ವರ್ಷ ಎಂಟನೇ ತರಗತಿಗೆ ಬೋರ್ಡಿನ ಮೇಲೆ ಬರೆಸುತ್ತೇನೆ. ಅವತ್ತು ನನಗೆ ಸಂಜೆಯ ಬಸ್ಸು ಹಿಡಿಯುವ ಅವಸರ. ಪ್ರೋಗ್ರಾಂ ಕೂತ ಮೇಲೆ ಇನ್ನೊಂದು ಪ್ರತಿ ಮಾಡಿದರಾಯಿತು ಅಂದುಕೊಂಡೆ.

ಪ್ರೋಗ್ರಾಂ ಕೂರಲಿಲ್ಲ. ಸಿಡಿ ಹಾಕಿದರೆ, ‘ಇದು ಈ ಕಂಪ್ಯೂಟರಿಗೆ ಹೊಂದುವುದಿಲ್ಲ, ತಯಾರಿಸಿದವರನ್ನು ಸಂಪರ್ಕಿಸಿ’ ಅಂದಿತು. ತಯಾರಿಸಿದವರು ಅಂಗಡಿ ಮುಚ್ಚಿ ನಾಲ್ಕು ವರ್ಷವಾಗಿತ್ತು. ಹೊಸ ಕಂಪ್ಯೂಟರಿಗೆ ಹಳೆಯದರ ವೇಷ ಹಾಕಿಸುವ ಒಂದು ಉಪಾಯ ಇದೆ. ಅದನ್ನು ಮಾಡಿದೆ. ಅರ್ಧಕ್ಕೆ ಹೋಗಿ, ಒಂದು ಫೈಲು ಸಿಗುತ್ತಿಲ್ಲ ಅಂದಿತು. ಅದನ್ನು ಹುಡುಕಿ ಹಾಕಿದರೆ ಇನ್ನೊಂದು ಸಿಗುತ್ತಿಲ್ಲ ಅಂದಿತು. ನಾನು ಊರಿಗೆ ವಾಪಸ್ಸಾದೆ. ಮಿಕ್ಕ ವೈದ್ಯವೆಲ್ಲ ಫೋನಿನಲ್ಲಿ.

ಚಿಕ್ಕಪ್ಪ ಕಂಡಕ್ಟರ್ ಆಗಿದ್ದಾಗಿನ ಹಳೆಯ ಟ್ರಿಪ್ ಶೀಟಿನ ಪುಸ್ತಕದಲ್ಲಿ ಒಂದೊಂದು ಎರರ್ ಅನ್ನೂ ಬರೆದುಕೊಂಡು ನನಗೆ ಓದಿ ಹೇಳುತ್ತಿದ್ದ. ಎಷ್ಟು ಗಂಟೆಗೆ ಬಂತು, ಏನಂದಿತು, ಎಷ್ಟು ಗಂಟೆಗೆ ಹೋಯಿತು.

“ಟೀಚರಮ್ಮ, ಇದು ಈಗಾಗಲೇ ಇನ್‌ಸ್ಟಾಲ್ ಆಗಿದೆ, ಮೊದಲು ತೆಗೀರಿ ಅಂತಿದೆ.”

“ಸರಿ, ತೆಗಿ.”

“ತೆಗೆಯಕ್ಕೆ ಹೋದ್ರೆ, ಇನ್‌ಸ್ಟಾಲೇ ಆಗಿಲ್ಲ, ಹೇಗೆ ತೆಗೀಲಿ ಅಂತಿದೆ.”

ನಾನು ಹಣೆ ಒತ್ತಿಕೊಂಡೆ. ಅವನೇ ಮುಂದುವರಿಸಿದ, “ನಮ್ಮ ಡಿಪೋದಲ್ಲಿ ಹೀಗೇ ಒಬ್ಬ ಮ್ಯಾನೇಜರ್ ಇದ್ದ. ರಜೆ ಬೇಕು ಅಂದ್ರೆ ಅರ್ಜಿ ತಾ ಅಂತಿದ್ದ, ಅರ್ಜಿ ತಂದ್ರೆ ರಜೆ ಮುಗಿಸ್ಕೊಂಡು ಬಾ, ನೋಡೋಣ ಅಂತಿದ್ದ.”

ಆ ದಿನಗಳಲ್ಲಿ ಚಿಕ್ಕಮ್ಮ ಒಂದು ಸ್ಲೇಟು ಇಟ್ಟುಕೊಂಡಿದ್ದಳು. ದಿನಕ್ಕೆ ಎಂಟು ಹತ್ತು ಸಲ ಅದರಲ್ಲಿ ಒಂದೇ ಪ್ರಶ್ನೆ ಬರೆದು ಅವನ ಮೂಗಿನ ಮುಂದೆ ಹಿಡಿಯುತ್ತಿದ್ದಳಂತೆ, ‘ಯಾವಾಗ ಬರ್ತೀನಿ ನಾನು?’

“ಅವಳು ‘ಅದು’ ಅಂತ ಬರೆಯಲ್ಲ ಕಣೇ, ‘ನಾನು’ ಅಂತಲೇ ಬರೀತಾಳೆ,” ಅಂದ ಚಿಕ್ಕಪ್ಪ ಒಂದು ಸಲ. ಅವನ ದನಿ ಕುಗ್ಗಿತ್ತು. ನಾನು ಕಲಿತ ವಿದ್ಯೆಯೆಲ್ಲ ಇಲ್ಲಿ ಪ್ರಯೋಜನಕ್ಕೆ ಬರುತ್ತಿರಲಿಲ್ಲ, ಅದನ್ನು ಒಪ್ಪಿಕೊಳ್ಳುವುದಕ್ಕೂ ಆಗುತ್ತಿರಲಿಲ್ಲ. ಸಿಟ್ಟು ಮಾತ್ರ ಬರುತ್ತಿತ್ತು, ಅದೂ ಅವನ ಮೇಲೆ.

ಮಂಗಳವಾರ ಒಂದು ದಾರಿ ಕಂಡಿತು. ಮುಚ್ಚಿದ ಆ ಕಂಪನಿಯ ಪ್ರೋಗ್ರಾಮನ್ನು ಬೇರೆ ಯಾರೋ ಕೊಂಡು ಹೊಸ ಆವೃತ್ತಿ ಮಾಡಿದ್ದರು. ಹಳೆಯ ದನಿಯನ್ನೂ ಓದುತ್ತದೆ ಅಂತ ಎಲ್ಲೋ ಯಾರೋ ಬರೆದಿದ್ದರು. ಅದನ್ನು ಚಿಕ್ಕಪ್ಪನಿಗೆ ಕಳಿಸಿ, ಪೆನ್‌ಡ್ರೈವ್ ಚುಚ್ಚಿಯೇ ಇಡು, ದನಿ ಅಲ್ಲಿಂದಲೇ ತೊಗೊಳ್ಳುತ್ತೆ ಅಂದೆ.

ಬುಧವಾರ ನಮ್ಮ ಶಾಲೆಯಲ್ಲಿ ಪ್ರಾಕ್ಟಿಕಲ್ ಪರೀಕ್ಷೆ. ಇಪ್ಪತ್ತು ಕಂಪ್ಯೂಟರು, ನಲವತ್ತೆರಡು ಮಕ್ಕಳು, ಹಿಂದಿನ ಬೆಂಚಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತ ಇನ್‌ಸ್ಪೆಕ್ಟರು. ಹನ್ನೊಂದೂವರೆಗೆ ಫೋನ್ ನಡುಗಿತು. ಅದು ಅವತ್ತಿನ ಐದನೆಯ ಕರೆ. ಬಾಗಿಲ ಹೊರಗೆ ಹೋಗಿ ಎತ್ತಿದೆ.

“ಟೀಚರಮ್ಮ, ಇದೇನೋ ಉದ್ದಕ್ಕೆ ಕೇಳ್ತಾ ಇದೆ. ಓದ್ಲಾ?”

“ಚಿಕ್ಕಪ್ಪ, ಅದು ಕೇಳಿದ್ದಕ್ಕೆಲ್ಲ ಹೌದು ಅಂತ ಒತ್ತು. ಪದೇ ಪದೇ ಫೋನ್ ಮಾಡ್ಬೇಡ.”

“ಎಲ್ಲದಕ್ಕೂನಾ?”

“ಎಲ್ಲದಕ್ಕೂ.”

ಇದೇ ನಾನು ಕೊಟ್ಟ ಸಲಹೆ. ಬಳಗದಲ್ಲಿ ಎಷ್ಟು ಜನಕ್ಕೆ ಇದನ್ನೇ ಹೇಳಿದ್ದೇನೋ ಲೆಕ್ಕವಿಲ್ಲ.

ಮಧ್ಯಾಹ್ನ ಊಟದ ಹೊತ್ತಿಗೆ ಅವನ ಸಂದೇಶ ನೋಡಿದೆ. ‘ಆಯ್ತು. ಹಾಕಿದೆ. ಮಾತಾಡ್ತಿದೆ. ಆದ್ರೆ ಇವಳಲ್ಲ.’

ಆಮೇಲೆ ಅದೇ ಪ್ರೋಗ್ರಾಮನ್ನು ಶಾಲೆಯ ಕಂಪ್ಯೂಟರಿನಲ್ಲಿ ಹಾಕಿ ಒಂದೊಂದು ಸಾಲೂ ಓದಿದೆ. ನಾಲ್ಕನೆಯ ಪ್ರಶ್ನೆ ಹೀಗಿತ್ತು: ‘ಇಲ್ಲಿ ಹಳೆಯ ದನಿಯ ಕಡತಗಳಿದ್ದರೆ ಅವು ಈ ಆವೃತ್ತಿಗೆ ಹೊಂದುವುದಿಲ್ಲ. ಅವನ್ನು ಅಳಿಸಿ ಅದೇ ಜಾಗದಲ್ಲಿ ಹೊಸ ದನಿ ಹಾಕಬೇಕೆ?’ ಕೆಳಗೆ ಎರಡು ಗುಂಡಿ. ‘ಹೌದು’ ಹಸಿರು, ‘ಇಲ್ಲ’ ಬೂದು. ಬಣ್ಣ ನೋಡಿ ಒತ್ತುವವನಿಗೆ ಅನುಮಾನಕ್ಕೇ ಜಾಗವಿರಲಿಲ್ಲ.

ಮರುದಿನ ರಜೆ ಹಾಕಿ ಹೋದೆ. ಚಿಕ್ಕಪ್ಪ ಬಸ್ ನಿಲ್ದಾಣಕ್ಕೇ ಬಂದು ಕಾಯುತ್ತಿದ್ದ. ಪೆನ್‌ಡ್ರೈವ್ ಅವನ ಅಂಗಿಯ ಜೇಬಿನಲ್ಲಿ, ಮೊದಲು ಪಂಚ್ ಇರುತ್ತಿದ್ದ ಕಡೆ ಇತ್ತು. ಚಿಕ್ಕಮ್ಮನಿಗೆ ಇನ್ನೂ ಸೆಟ್ ಆಗಬೇಕು ಅಂತ ಸುಳ್ಳು ಹೇಳಿ ಬಂದಿದ್ದ. ಮನೆಗೆ ಹೋಗದೆ ನೇರ ಅಳಿಸಿಹೋದ ಫೈಲು ತೆಗೆದುಕೊಡುವವನ ಅಂಗಡಿಗೆ ಹೋದೆವು. ಕನ್ನಡಕದ ಅಂಗಡಿಯ ಮೇಲೆ ಎರಡನೇ ಮಹಡಿ, ಕಿರಿದಾದ ಮೆಟ್ಟಿಲು. ಅವನು ಒಂದೂಕಾಲು ಗಂಟೆ ನೋಡಿದ. ನಾವು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತಿದ್ದೆವು. ಚಿಕ್ಕಪ್ಪನ ಹೆಬ್ಬೆರಳು ಒಂದೇ ಸಮ ಮೊಣಕಾಲು ಒತ್ತುತ್ತಿತ್ತು.

“ಬರೀ ಅಳಿಸಿದ್ರೆ ತೆಗೀಬಹುದಿತ್ತು,” ಅಂದ ಅಂಗಡಿಯವನು. “ಅದೇ ಜಾಗದ ಮೇಲೆ ಬೇರೆದನ್ನ ಬರೆದುಬಿಟ್ಟಿದೆ.”

ಚಿಕ್ಕಪ್ಪನಿಗೆ ಇದು ಅರ್ಥವಾಯಿತು. “ಸೀಟಲ್ಲಿ ಬೇರೆಯವರು ಕೂತಿದ್ದಾರೆ.”

“ಹೂಂ, ಹಾಗೇ ಅನ್ಕೊಳ್ಳಿ.”

“ಎಬ್ಬಿಸಕ್ಕಾಗಲ್ವಾ?”

“ಎಬ್ಬಿಸಿದ್ರೂ ಮೊದಲಿದ್ದವರು ಎಲ್ಲಿದ್ದಾರೆ ಸಾರ್? ಇಳಿದು ಹೋಗಿದ್ದಾರೆ.”

ಅವಳ ದನಿ ಬೇರೆಲ್ಲಾದರೂ ಇದೆಯಾ ಅಂತ ದಾರಿಯುದ್ದಕ್ಕೂ ಯೋಚಿಸಿದೆವು. ಮದುವೆಯ ಕ್ಯಾಸೆಟ್ಟಿನಲ್ಲಿ ಅವಳು ಬಾಯಿ ಬಿಟ್ಟಾಗಲೆಲ್ಲ ಬ್ಯಾಂಡಿನವರು ಊದುತ್ತಾರೆ. ಆಗಿನ ಫೋನುಗಳು ಯಾವುವೂ ಈಗ ಇಲ್ಲ. ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಆಸ್ಪತ್ರೆಯಲ್ಲಿ ಪ್ರತಿ ಇಟ್ಟುಕೊಳ್ಳುವ ಪದ್ಧತಿ ಇಲ್ಲ, ಅದು ಅವರವರ ಖಾಸಗಿ ದನಿ ಅಲ್ಲವಾ ಅಂದರು. ಗೇಟಿನ ಹತ್ತಿರ ಬಂದಾಗ ಚಿಕ್ಕಪ್ಪ ನನ್ನ ಕೈ ಹಿಡಿದು ನಿಲ್ಲಿಸಿದ.

“ನೀನೇನೂ ಹೇಳಕ್ಕೆ ಹೋಗ್ಬೇಡ. ಒತ್ತಿದ್ದು ನಾನು.”

“ಒತ್ತು ಅಂದಿದ್ದು ನಾನಲ್ವಾ ಚಿಕ್ಕಪ್ಪ?”

“ಇಬ್ಬರ ಮೇಲೂ ಸಿಟ್ಟಾದ್ರೆ ನಾಳೆ ಅವಳು ಯಾರಿಗೆ ಹೇಳ್ಕೋಬೇಕು? ನೀನೊಬ್ಳು ಇರು, ಸಾಕು.”

ಒಳಗೆ ಹೋದರೆ ಚಿಕ್ಕಮ್ಮ ಕಂಪ್ಯೂಟರಿನ ಮುಂದೆಯೇ ಕೂತಿದ್ದಳು. ಕಾದು ಕಾದು ತಾನೇ ಅದನ್ನು ತೆರೆದಿದ್ದಳು. ನಮ್ಮನ್ನು ನೋಡಿ ನಕ್ಕು, ಏನೋ ಟೈಪ್ ಮಾಡಿ ಗುಂಡಿ ಒತ್ತಿದಳು. ಬ್ಯಾಂಕಿನಲ್ಲಿ ಟೋಕನ್ ನಂಬರ್ ಹೇಳುವಂಥ ಒಂದು ನುಣ್ಣನೆಯ ದನಿ, “ಎಲ್ಲಿ ಹೋಗಿದ್ರಿ ಇಬ್ಬರೂ?” ಅಂತ ಕೇಳಿತು. ಚಿಕ್ಕಮ್ಮನ ನಗು ಹಾಗೇ ನಿಂತಿತು. ಮೇಲುಸಾಲಿನ ಕೀಲಿಗಳನ್ನು ಒಂದಾದ ಮೇಲೊಂದು ಒತ್ತಿದಳು. ಹೊಸ ಕೀಬೋರ್ಡಿಗೂ ಚಿಕ್ಕಪ್ಪ ಉಗುರು ಬಣ್ಣದ ಚುಕ್ಕಿ ಇಟ್ಟಿದ್ದ. ಏನೂ ಬರಲಿಲ್ಲ. ಕೊನೆಗೆ ‘ರೀ’ ಅಂತ ಟೈಪ್ ಮಾಡಿ ಮೂರು ಸಲ ಆಡಿಸಿದಳು. ಆ ಹೆಂಗಸು ಮೂರು ಸಲವೂ ಒಂದೇ ಥರ ಹೇಳಿದಳು.

ಚಿಕ್ಕಪ್ಪ ನಿಂತುಕೊಂಡೇ ಹೇಳಿದ, “ನಿನ್ನ ದನಿ ಅಳಿಸಿಹೋಯ್ತು ಕಣೇ. ನಾನೇ ಹೌದು ಒತ್ತಿದೆ. ಓದ್ಲಿಲ್ಲ.”

ನಾನು ಪಕ್ಕದಲ್ಲೇ ಇದ್ದೆ. ಬಾಯಿ ಬಿಡಲಿಲ್ಲ. ಇವತ್ತಿನವರೆಗೂ ಬಿಟ್ಟಿಲ್ಲ. ಆ ನಾಚಿಕೆ ನನಗೆ ಈಗಲೂ ಇದೆ.

ಚಿಕ್ಕಮ್ಮ ಸ್ಲೇಟು ತೆಗೆದುಕೊಂಡಳು. ‘ಎಷ್ಟು ಸಲ ಒತ್ತಿದ್ರಿ?’

“ಲೆಕ್ಕ ಇಟ್ಟಿಲ್ಲ.”

‘ಕಂಡಕ್ಟರ್ ಆಗಿ ಲೆಕ್ಕ ಇಟ್ಟಿಲ್ವಾ?’

ಅದನ್ನು ಓದಿ ಅವನು ನಗಲು ಹೋದ, ಆಗಲಿಲ್ಲ. ಅವಳು ಸ್ಲೇಟು ಒರೆಸಿ ಅಡುಗೆಮನೆಗೆ ಹೋದಳು. ಟೀಗೆ ನೀರಿಡುತ್ತಾಳೆ ಅಂದುಕೊಂಡೆ. ನಲ್ಲಿ ಬಿಟ್ಟ ಸದ್ದು ಬಹಳ ಹೊತ್ತು ನಿಲ್ಲದಿದ್ದಾಗ ಎದ್ದು ಹೋಗಿ ನೋಡಿದೆ. ಸಿಂಕಿನ ಅಂಚು ಹಿಡಿದು ಬಗ್ಗಿ ಅಳುತ್ತಿದ್ದಳು. ಧ್ವನಿಪೆಟ್ಟಿಗೆ ಇಲ್ಲದವರು ಅತ್ತರೆ ಸದ್ದು ಬರುವುದಿಲ್ಲ. ಅದು ನನಗೆ ಅವತ್ತು ಗೊತ್ತಾಯಿತು. ಆಪರೇಷನ್ನಿನಲ್ಲಿ ಉಸಿರಾಡಲು ಕುತ್ತಿಗೆಯಲ್ಲಿ ಮಾಡಿದ್ದ ತೂತಿನಿಂದ ಉಸಿರು ಮಾತ್ರ ಜೋರಾಗಿ ಬರುತ್ತಿತ್ತು.

ಒಂದು ವಾರ ಅವಳು ಸ್ಲೇಟಿನಲ್ಲೂ ಏನೂ ಬರೆಯಲಿಲ್ಲ. ಎಂಟನೆಯ ದಿನ ಬರೆದು ತೋರಿಸಿದಳಂತೆ, ‘ಇನ್ನು ಮೇಲೆ ನಾನು ಬರೆದದ್ದನ್ನ ನೀವು ಜೋರಾಗಿ ಓದ್ಬೇಕು. ಎಲ್ಲಾರ ಮುಂದೆ.’ ಅದು ಶಿಕ್ಷೆಯೋ ಕ್ಷಮೆಯೋ ಅವನಿಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಇರಲಿಲ್ಲ.

ಹಾಗಾಗಿ ಈಗ ಚಿಕ್ಕಪ್ಪನೇ ಅವಳ ಬಾಯಿ. ತರಕಾರಿ ಅಂಗಡಿಯಲ್ಲಿ ಅವಳು ಬರೆಯುತ್ತಾಳೆ, ಅವನು ಬಸ್ಸಿನ ಗಂಟಲಿನಲ್ಲಿ ಓದುತ್ತಾನೆ: “ನಿನ್ನೆ ಇವರು ತಂದ ಬೀನ್ಸ್ ಬಲಿತು ಹೋಗಿತ್ತು. ಇವರಿಗೆ ಕಣ್ಣೂ ಇಲ್ಲ, ಬುದ್ಧಿಯೂ ಇಲ್ಲ.” ಅಂಗಡಿಯವಳು ಬಿದ್ದು ಬಿದ್ದು ನಗುತ್ತಾಳೆ. ಸಪ್ಪಗೆ ಓದಿದರೆ ಚಿಕ್ಕಮ್ಮ ಸೀಮೆಸುಣ್ಣದಿಂದ ಸ್ಲೇಟಿನ ಚೌಕಟ್ಟು ಕುಟ್ಟುತ್ತಾಳೆ. ಅವನು ಇನ್ನೊಮ್ಮೆ, ಇನ್ನಷ್ಟು ಖಾರವಾಗಿ, ತನ್ನನ್ನು ತಾನೇ ಬೈದುಕೊಳ್ಳಬೇಕು. ಫೋನಿನಲ್ಲಿ ನನ್ನ ಜೊತೆ ಮಾತಾಡುವಾಗಲೂ ಹೀಗೇ. “ಟೀಚರಮ್ಮ, ಚೆನ್ನಾಗಿದೀಯಾ, ಸಣ್ಣ ಆಗಿದೀಯಂತೆ, ಸರಿಯಾಗಿ ತಿನ್ನು, ಇದು ನಾನಲ್ಲ, ಅವಳು.”

ಒಂದು ಪದ ಮಾತ್ರ ಅವನು ಓದುವುದಿಲ್ಲ. ಅವಳು ಬರೆಯುವ ಸಾಲಿನ ಮೊದಲಲ್ಲಿ ‘ರೀ’ ಇದ್ದರೆ ಅದನ್ನು ಬಿಟ್ಟು ಮುಂದಕ್ಕೆ ಹೋಗುತ್ತಾನೆ. ತನ್ನನ್ನು ತಾನೇ ಹೇಗೆ ಕರೆದುಕೊಳ್ಳಲಿ ಅನ್ನುತ್ತಾನೆ. ಎಲ್ಲರೂ ಅದನ್ನು ತಮಾಷೆ ಅಂದುಕೊಂಡಿದ್ದಾರೆ.

ಹೋದ ತಿಂಗಳು ನಾನು ಹೋಗಿದ್ದಾಗ ಚಿಕ್ಕಮ್ಮ ಮಹಡಿಯ ಮೇಲೆ ಬಟ್ಟೆ ಒಣಗಿಸುತ್ತಿದ್ದಳು. ಚಿಕ್ಕಪ್ಪ ನಡುಮನೆಯಲ್ಲಿ, ಬಟ್ಟೆ ಮುಚ್ಚಿಟ್ಟ ಕಂಪ್ಯೂಟರಿನ ಪಕ್ಕ ಕೂತಿದ್ದ. ತಗ್ಗಿದ ದನಿಯಲ್ಲಿ ಕೇಳಿದ.

“ಟೀಚರಮ್ಮ, ಆ ಮೂರನೇದು ನಿನಗೆ ನೆನಪಿದೆಯಾ? ಸುಮ್ಮನೆ ಕರೀತಿದ್ಳಲ್ಲ, ಅದು.”

ನಾನು ಯೋಚಿಸಿದೆ. ಚಿಕ್ಕಮ್ಮ ಅದನ್ನು ಒತ್ತುತ್ತಿದ್ದ ಬೆರಳು ನೆನಪಾಯಿತು, ಉಗುರು ಬಣ್ಣದ ಮೂರು ಚುಕ್ಕಿ ನೆನಪಾಯಿತು, ಇವನ “ಇದೀನಿ” ನೆನಪಾಯಿತು.

“ಸರಿಯಾಗಿ ಬರ್ತಾ ಇಲ್ಲ ಚಿಕ್ಕಪ್ಪ.”

“ನನಗೂ,” ಅಂದ. “ನೆನೆಸ್ಕೊಳ್ಳಕ್ಕೆ ಹೋದ್ರೆ ಆ ಬ್ಯಾಂಕಿನವಳು ಬಂದು ಕೂತ್ಕೋತಾಳೆ. ಎಷ್ಟು ಎಬ್ಬಿಸಿದ್ರೂ ಏಳಲ್ಲ. ಇವಳಿಗೆ ಹೇಳ್ಬೇಡ.”

ಅಷ್ಟರಲ್ಲಿ ಚಿಕ್ಕಮ್ಮ ಖಾಲಿ ಬಕೆಟ್ ಹಿಡಿದು ಇಳಿದು ಬಂದಳು. ನಮ್ಮಿಬ್ಬರ ಮುಖ ನೋಡಿದಳು. ಬಕೆಟ್ ಇಟ್ಟು, ಕೈ ಒರೆಸಿಕೊಂಡು, ಚಿಕ್ಕಪ್ಪನ ಪಕ್ಕ ಕೂತು ಸ್ಲೇಟು ತೆಗೆದುಕೊಂಡಳು. ಬರೆಯಲು ತುಂಬ ಹೊತ್ತು ತೆಗೆದುಕೊಂಡಳು. ಅದನ್ನು ಜೋರಾಗಿ ಓದುವುದು ಬೇಡ ಅಂತ ಕೈಯಲ್ಲೇ ಸನ್ನೆ ಮಾಡಿ ಅವನ ಕಡೆ ತಿರುಗಿಸಿದಳು. ನಾನು ಕೂತಲ್ಲಿಗೂ ಕಾಣುತ್ತಿತ್ತು.

‘ನನಗೆ ನನ್ನ ದನಿ ಮರೀತಾ ಇದೆ. ನಿಮಗೆ ನೆನಪಿದೆ ಅಲ್ವಾ?’

ಚಿಕ್ಕಪ್ಪ ಕೊನೆಯವರೆಗೂ ಓದಿದನೋ ಇಲ್ಲವೋ, ನನಗೆ ಗೊತ್ತಿಲ್ಲ. ಅವನ ಹೆಬ್ಬೆರಳು ಕುರ್ಚಿಯ ಕೈಯನ್ನು ಒತ್ತಿತು.

“ಹೌದು,” ಅಂದ.